ಬಾರ್‌ಬೆಲ್‌ಗೆ ಭಾರ ಏರಿಸುವ ಲೆಕ್ಕ: ನಿಧಾನವಾಗಿ ಬಲ ಬೆಳೆಸಿಕೊಳ್ಳುವವರಿಗೆ ಮಾರ್ಗದರ್ಶಿ

ಉಡುಪಿ ಜಿಲ್ಲೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಸ್ನ್ಯಾಚ್ (ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವುದು) ಹಾಗೂ ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಬಳಿಕ ತಲೆಯ ಮೇಲೆತ್ತುವುದು) ಸೇರಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕೆ.ಜಿ. ವಿಭಾಗದಲ್ಲಿ ಒಟ್ಟು 269 ಕೆ.ಜಿ. ಎತ್ತಿ ಕಂಚು ಪಡೆದರು. ಭಾರ ಎತ್ತುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ, ದೇಹತೂಕದ ವಿಭಾಗವೂ 5 ಕೆ.ಜಿ. ಮೇಲೇರಿದ ಬಳಿಕ, ಈ ಎರಡು ಕೂಟಗಳ ನಡುವೆ ದಕ್ಕಿದ ಹೆಚ್ಚಳ 20 ಕೆ.ಜಿ. ಹೊಸದಾಗಿ ಜಿಮ್ ಸೇರಿದವರು ಇಷ್ಟನ್ನು ಒಂದೆರಡು ತಿಂಗಳಲ್ಲೇ ನಿರೀಕ್ಷಿಸುತ್ತಾರೆ, ಮತ್ತು ಭಾರವನ್ನು ಹೆಗಲ ಮೇಲಿಟ್ಟು ಕುಳಿತೇಳುವ ಸ್ಕ್ವಾಟ್‌ನಂಥ ವ್ಯಾಯಾಮದಲ್ಲಿ ಅವರಿಗೆ ಅದು ಸಿಕ್ಕಿಯೂ ಬಿಡುತ್ತದೆ. ಆರಂಭದ ವಾರಗಳಲ್ಲಿ ಹೆಚ್ಚುವ ಬಲದ ದೊಡ್ಡ ಪಾಲು ಸ್ನಾಯು ದಪ್ಪವಾದುದರಿಂದ ಬಂದದ್ದಲ್ಲ. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸಿಕೊಳ್ಳಲು ನರಮಂಡಲ ಕಲಿತದ್ದರಿಂದ ಬಂದದ್ದು. ಆ ಕಲಿಕೆ ಮುಗಿದ ಮೇಲೆ ವೇಗ ಇಳಿಯುತ್ತದೆ, ಮತ್ತು ಬಹಳ ಮಂದಿ ಕಾರ್ಯಕ್ರಮ ಬದಲಿಸುವುದೋ, ಜಿಮ್ ಬಿಡುವುದೋ ಆ ಹೊತ್ತಿನಲ್ಲೇ. ಆ ಹೊತ್ತನ್ನು ದಾಟಿ ಮುಂದುವರಿಯಲು ಬೇಕಾದ ಲೆಕ್ಕಾಚಾರವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಲೆಕ್ಕಾಚಾರದ ಮೂಲ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರ ಮೊಣಕಾಲಿಗೆ ಬಲ ತುಂಬಲು ಭಾರ ಎತ್ತಿಸುವ ಚಿಕಿತ್ಸೆಯನ್ನು ರೂಪಿಸಿ, 1945ರಲ್ಲಿ ಅದನ್ನು ಪ್ರಕಟಿಸಿದರು. ರೋಗಿಯು ಸರಿಯಾಗಿ ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರವನ್ನು ಅಳತೆಗೋಲಾಗಿಸಿಕೊಂಡು, ಹತ್ತಕ್ಕಿಂತ ಹೆಚ್ಚು ಬಾರಿ ಎತ್ತಲು ಬಂದಾಗ ಭಾರ ಏರಿಸುವುದು ಅವರ ಕ್ರಮ. ಇಂದು ಯಾವ ಜಿಮ್‌ನಲ್ಲಿ ಯಾವ ಹೆಸರಿನ ಕಾರ್ಯಕ್ರಮ ಕೊಟ್ಟರೂ ಅದು ಕೆಲಸ ಮಾಡುತ್ತಿದ್ದರೆ ಒಳಗಿರುವುದು ಇದೇ ತತ್ವ.

ಮೊದಲ ಹಂತ: ವೈದ್ಯರು, ಬಾರ್ ಮತ್ತು ಪುಸ್ತಕ

ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಹಳೆಯ ಬೆನ್ನುನೋವು ಇರುವವರು ಮತ್ತು ಬಹಳ ವರ್ಷ ವ್ಯಾಯಾಮವಿಲ್ಲದೆ ನಲವತ್ತು ದಾಟಿದವರು ಮೊದಲು ವೈದ್ಯರನ್ನು ಕಾಣಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಕ್ಷಣಕಾಲ ಬಹಳ ಏರುವುದರಿಂದ ಈ ಮಾತನ್ನು ಔಪಚಾರಿಕವೆಂದು ತಳ್ಳಿಹಾಕುವಂತಿಲ್ಲ.

ಬಳಿಕ ಜಿಮ್‌ನ ಬಾರ್ ಅನ್ನು, ಅಂದರೆ ಎರಡೂ ತುದಿಗೆ ತೂಕದ ಪ್ಲೇಟ್ ಹಾಕುವ ಸರಳನ್ನು, ತೂಗಿ ನೋಡಬೇಕು. ಸ್ಪರ್ಧೆಗಳಲ್ಲಿ ಪುರುಷರ ಬಾರ್ 20 ಕೆ.ಜಿ., ಮಹಿಳೆಯರದ್ದು 15 ಕೆ.ಜಿ. ಇರುತ್ತದೆ; ಆದರೆ ಬಡಾವಣೆಯ ಜಿಮ್‌ಗಳಲ್ಲಿರುವ ಬಾರ್‌ಗಳು ಹಲವು ಉದ್ದ, ಹಲವು ದಪ್ಪದವಾಗಿದ್ದು, ಎಲ್ಲವನ್ನೂ 20 ಎಂದೇ ಎಣಿಸುವ ರೂಢಿಯಿದೆ. ಮನೆಯಲ್ಲಿ ದೇಹತೂಕ ನೋಡುವ ಯಂತ್ರದ ಮೇಲೆ ಬಾರ್ ಹಿಡಿದು ನಿಂತು, ಬಂದ ಅಂಕಿಯಿಂದ ಸ್ವಂತ ತೂಕ ಕಳೆದರೆ ಬಾರ್‌ನ ತೂಕ ಸಿಗುತ್ತದೆ. ಒಂದು ದಿನ 12 ಕೆ.ಜಿ. ಬಾರ್, ಇನ್ನೊಂದು ದಿನ 18 ಕೆ.ಜಿ. ಬಾರ್ ಹಿಡಿದು ಎರಡೂ ದಿನ ಒಂದೇ ಅಂಕಿ ಬರೆದುಕೊಂಡರೆ, ಪ್ರಗತಿ ಆಯಿತೋ ಇಲ್ಲವೋ ಎಂಬುದು ಎಂದಿಗೂ ತಿಳಿಯುವುದಿಲ್ಲ. ಆದ್ದರಿಂದ ಸಾಧ್ಯವಾದಷ್ಟೂ ಒಂದೇ ಬಾರ್ ಬಳಸಬೇಕು.

ಇನ್ನು ದಿನದಿನದ ಲೆಕ್ಕ ಬರೆದಿಡುವ ಪುಸ್ತಕ. ಮೊಬೈಲ್ ಆ್ಯಪ್ ಆದರೂ ಆದೀತು, ಆದರೆ ಸೆಟ್‌ಗಳ (ಎತ್ತುವ ಸುತ್ತುಗಳ) ನಡುವೆ ಮೊಬೈಲ್ ತೆರೆದವರು ಎರಡು ನಿಮಿಷದ ವಿಶ್ರಾಂತಿಯನ್ನು ಏಳು ನಿಮಿಷ ಮಾಡಿಕೊಳ್ಳುವುದು ಎಲ್ಲ ಜಿಮ್‌ಗಳಲ್ಲೂ ಕಾಣುವ ನೋಟ. ಅಂಗಡಿಯಲ್ಲಿ ಸಿಗುವ ಸಣ್ಣ ನೋಟ್‌ಬುಕ್ಕು, ಪೆನ್ನು ಸಾಕು.

ಎರಡನೆಯ ಹಂತ: ಕೆಲವೇ ವ್ಯಾಯಾಮಗಳು

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರು ವಾರದಲ್ಲಿ ಕನಿಷ್ಠ ಎರಡು ದಿನ ದೇಹದ ಎಲ್ಲ ಪ್ರಮುಖ ಸ್ನಾಯುಗಳಿಗೆ ಬಲವರ್ಧಕ ವ್ಯಾಯಾಮ ಕೊಡಬೇಕೆನ್ನುತ್ತದೆ. ಆರಂಭಿಕರಿಗೆ ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಮುಖ್ಯ ವ್ಯಾಯಾಮ ಅನುಕೂಲಕರ. ಮೊದಲ ದಿನ ಸ್ಕ್ವಾಟ್, ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಬಾರ್ ಅನ್ನು ಎದೆಯಿಂದ ಮೇಲಕ್ಕೆ ತಳ್ಳುವುದು), ಬಾರ್‌ಬೆಲ್ ರೋ (ಮುಂದಕ್ಕೆ ಬಾಗಿ ಬಾರ್ ಅನ್ನು ಹೊಟ್ಟೆಯತ್ತ ಎಳೆಯುವುದು). ಎರಡನೆಯ ದಿನ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು), ಓವರ್‌ಹೆಡ್ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ತಳ್ಳುವುದು), ಲ್ಯಾಟ್ ಪುಲ್‌ಡೌನ್ (ಯಂತ್ರದಲ್ಲಿ ಮೇಲಿನ ಹಿಡಿಕೆಯನ್ನು ಎದೆಯತ್ತ ಎಳೆಯುವುದು). ಹೀಗೆ ಎರಡು ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಮಾಡುತ್ತ ಹೋದರೆ ಎರಡು ವಾರದಲ್ಲಿ ಪ್ರತಿ ವ್ಯಾಯಾಮವೂ ಮೂರು ಬಾರಿ ಬರುತ್ತದೆ. ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ದಿನಕ್ಕೊಂದು ಅಂಗ ಹಂಚುವ ಪಟ್ಟಿ ನಮ್ಮ ಜಿಮ್‌ಗಳಲ್ಲಿ ಸಾಮಾನ್ಯ. ಅದು ತಪ್ಪೇನಲ್ಲ, ಆದರೆ ಹೊಸಬರಿಗೆ ವಾರಕ್ಕೊಮ್ಮೆ ಮಾತ್ರ ಬರುವ ಸ್ಕ್ವಾಟ್ ಕೈಗೂಡುವುದು ತಡವಾಗುತ್ತದೆ, ಕಾಲಿನ ದಿನವೇ ತಪ್ಪಿಸಿಕೊಂಡವರಿಗಂತೂ ಕೈಗೂಡುವುದೇ ಇಲ್ಲ.

ಮನೆಯಲ್ಲೇ ವ್ಯಾಯಾಮ ಮಾಡುವವರು ಗರಡಿ ಮನೆಯ ದಂಡ ಮತ್ತು ಬಸ್ಕಿಯಿಂದ ಆರಂಭಿಸಬಹುದು. ಅಲ್ಲಿ ಮೊದಲು ಏರುವುದು ಎಣಿಕೆ. ಆದರೆ ಎಣಿಕೆ ಮೂವತ್ತು, ನಲವತ್ತು ದಾಟಿದ ಮೇಲೆ ಹೆಚ್ಚುವುದು ಬಲಕ್ಕಿಂತ ದಮ್ಮು. ಆಗ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿಕೊಂಡೋ, ಒಂದೇ ಕಾಲಿನ ಮೇಲೆ ಕುಳಿತೆದ್ದೋ ವ್ಯಾಯಾಮವನ್ನು ಕಠಿಣಗೊಳಿಸಬೇಕಾಗುತ್ತದೆ.

ಮೂರನೆಯ ಹಂತ: ಹಗುರ ಎನಿಸುವಲ್ಲಿಂದ ಆರಂಭ

ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್; ವಿಶ್ರಾಂತಿಯಿಲ್ಲದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. ಮೊದಲ ದಿನ ಖಾಲಿ ಬಾರ್‌ನಿಂದ ಆರಂಭಿಸಿ, ಎಂಟು ರೆಪ್ ಮುಗಿಸಿದಾಗ ಇನ್ನೂ ನಾಲ್ಕು ರೆಪ್ ಮಾಡಬಹುದಿತ್ತು ಎನಿಸುವಷ್ಟು ಭಾರ ಸಿಗುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸಿ, ಅಲ್ಲಿಗೆ ನಿಲ್ಲಿಸಬೇಕು. ಅದೇ ಆರಂಭದ ಭಾರ. ಖಾಲಿ ಬಾರೇ ಭಾರವಾದರೆ ಡಂಬೆಲ್‌ನಿಂದ ತೊಡಗುವುದರಲ್ಲಿ ಸಂಕೋಚವೇನೂ ಬೇಕಿಲ್ಲ. ಎರಡು ವಾರ ಈ ಭಾರವನ್ನು ಬದಲಿಸದೆ ಮೂರು ಸೆಟ್, ತಲಾ ಎಂಟು ರೆಪ್ ಮಾಡಬೇಕು.

ಹೊಸಬರನ್ನು ಮೊದಲ ದಿನವೇ ನೂರು ಬಸ್ಕಿ ಹೊಡೆಸಿ, ಮರುದಿನ ಮೆಟ್ಟಿಲು ಇಳಿಯಲಾಗದಂತೆ ಮಾಡುವುದನ್ನು ಕೆಲವು ಟ್ರೈನರ್‌ಗಳು ದೀಕ್ಷೆಯೆಂಬಂತೆ ನಡೆಸುತ್ತಾರೆ. ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಏರಿ ಇಳಿಯುವುದು ಸಹಜವೇ ಆದರೂ ಅದು ಒಳ್ಳೆಯ ವ್ಯಾಯಾಮದ ಅಳತೆಗೋಲಲ್ಲ, ರೂಢಿಯಿಲ್ಲದ ವ್ಯಾಯಾಮದ ಗುರುತು ಮಾತ್ರ. ವಿಪರೀತಕ್ಕೆ ಹೋದರೆ ಸ್ನಾಯುಕೋಶಗಳು ಒಡೆದು ಅವುಗಳ ಒಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವ ಸಂಭವವೂ ಇದೆ; ಕಠಿಣ ವ್ಯಾಯಾಮದ ಬಳಿಕ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಗುರದಿಂದ ಆರಂಭಿಸಬೇಕೆನ್ನಲು ಇನ್ನೂ ಒಂದು ಕಾರಣವಿದೆ: ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಸ್ನಾಯುವಿನಷ್ಟು ಬೇಗ ಗಟ್ಟಿಯಾಗುವುದಿಲ್ಲ. ಸ್ನಾಯು ಸಿದ್ಧವಿದೆಯೆಂದು ಓಡಿದವರ ಮೊಣಕೈ, ಭುಜ, ಮೊಣಕಾಲು ಕೆಲವು ತಿಂಗಳ ನಂತರ ತಕರಾರು ತೆಗೆಯುವುದು ಈ ಅಂತರದಿಂದಲೇ.

ನಾಲ್ಕನೆಯ ಹಂತ: ಮೊದಲು ರೆಪ್, ಆಮೇಲೆ ಭಾರ

ಇದು ಇಡೀ ಕ್ರಮದ ತಿರುಳಾದ್ದರಿಂದ ಸಾವಧಾನವಾಗಿ ನೋಡೋಣ. ಪ್ರತಿ ವ್ಯಾಯಾಮಕ್ಕೆ 8ರಿಂದ 12 ರೆಪ್‌ಗಳ ಮಿತಿ ಇಟ್ಟುಕೊಳ್ಳಬೇಕು; ಬೆನ್ನಿಗೆ ಹೆಚ್ಚು ದಣಿವು ತರುವ ಡೆಡ್‌ಲಿಫ್ಟ್‌ಗೆ ಮಾತ್ರ 5ರಿಂದ 8 ಸಾಕು. ಭಾರವನ್ನು ಹಾಗೆಯೇ ಇಟ್ಟು ರೆಪ್ ಏರಿಸುತ್ತ ಹೋಗಿ, ಮೂರೂ ಸೆಟ್‌ಗಳಲ್ಲಿ ಮೇಲಿನ ಮಿತಿ ತಲುಪಿದ ಮೇಲಷ್ಟೇ ಭಾರ ಏರಿಸಬೇಕು. ಬೆಂಚ್ ಪ್ರೆಸ್‌ನ ಪುಟವೊಂದು ಹೀಗಿರುತ್ತದೆ ಎಂದುಕೊಳ್ಳಿ: 30 ಕೆ.ಜಿ.ಯಲ್ಲಿ ಮೂರು ಸೆಟ್‌ಗಳ ರೆಪ್ 9, 8, 8. ಮುಂದಿನ ಬಾರಿ 10, 9, 8. ಅದರ ಮುಂದೆ 10, 10, 9. ನಂತರ 11, 10, 10. ಒಂದು ದಿನ ನಿದ್ದೆಗೆಟ್ಟು 10, 9, 9. ಮತ್ತೆ 12, 11, 10. 12, 12, 11. ಕೊನೆಗೆ 12, 12, 12. ನಡುವೆ ಹಿಂದೆ ಸರಿದ ಆ ಒಂದು ದಿನವನ್ನು ಕಂಡು ಗಾಬರಿಯಾಗುವ ಕಾರಣವಿಲ್ಲ. ನಾಲ್ಕೈದು ಸಾಲುಗಳನ್ನು ಒಟ್ಟಿಗೆ ಓದಿದಾಗ ದಿಕ್ಕು ಮೇಲ್ಮುಖವಾಗಿದ್ದರೆ ಸಾಕು.

ಈಗ ಭಾರ ಏರಿಸಬೇಕು. ಎಷ್ಟು? ಇದಕ್ಕೆ ಒಂದು ಸರಳ ಸೂತ್ರ ನೆರವಾಗುತ್ತದೆ. ಎತ್ತಿದ ಭಾರವನ್ನು 30ರಿಂದ ಭಾಗಿಸಿ, ರೆಪ್‌ಗಳ ಸಂಖ್ಯೆಯಿಂದ ಗುಣಿಸಿ, ಅದೇ ಭಾರಕ್ಕೆ ಕೂಡಿಸಿದರೆ ಆ ವ್ಯಕ್ತಿ ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಅಂದಾಜು ಸಿಗುತ್ತದೆ. 30 ಕೆ.ಜಿ.ಯನ್ನು 12 ಬಾರಿ ಎತ್ತಿದವರಿಗೆ ಅದು 42 ಕೆ.ಜಿ. ಅದೇ ಬಲದಿಂದ 32.5 ಕೆ.ಜಿ. ಎತ್ತಲು ಹೋದರೆ ಸುಮಾರು 9 ರೆಪ್ ಬರುತ್ತದೆ. ಮಿತಿಯೊಳಗೇ ಇದೆ, ಅಲ್ಲಿಂದ ಮತ್ತೆ ಹತ್ತಬಹುದು. ಆದರೆ ಒಮ್ಮೆಲೇ 35 ಕೆ.ಜಿ.ಗೆ ನೆಗೆದರೆ ಬರುವುದು 6 ಮಾತ್ರ. ಮಿತಿಯ ಕೆಳಗೆ ಬಿದ್ದವರು ಸೊಂಟ ಎತ್ತಿ, ಬಾರ್ ಅನ್ನು ಎದೆಯ ಮೇಲೆ ಪುಟಿಸಿ, ಜೊತೆಗಾರನ ಕೈ ಹಿಡಿಸಿ ಹೇಗೋ 8ರ ಲೆಕ್ಕ ತುಂಬುತ್ತಾರೆ, ಮತ್ತು ಅಲ್ಲಿಂದಾಚೆ ಪುಸ್ತಕದ ಅಂಕಿಗಳಿಗೆ ಅರ್ಥ ಉಳಿಯುವುದಿಲ್ಲ.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ನೀಡಿದ ಸಲಹೆಯೂ ಇದೇ ಜಾಡಿನದು: ನಿಗದಿಪಡಿಸಿಕೊಂಡದ್ದಕ್ಕಿಂತ ಒಂದೆರಡು ರೆಪ್ ಹೆಚ್ಚು ಮಾಡಲು ಬಂದಾಗ ಭಾರವನ್ನು ಶೇ 2ರಿಂದ 10ರಷ್ಟು ಏರಿಸಬೇಕು. ಕಾಲಿನ ವ್ಯಾಯಾಮಗಳಲ್ಲಿ ಈ ಮಿತಿಯ ಮೇಲಂಚು, ಭುಜದ ವ್ಯಾಯಾಮಗಳಲ್ಲಿ ಕೆಳಂಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಐದನೆಯ ಹಂತ: ಸಣ್ಣ ಪ್ಲೇಟ್‌ಗಳ ಹುಡುಕಾಟ

ಶೇಕಡಾವಾರು ಲೆಕ್ಕ ಕಾಗದದ ಮೇಲೆ ಸುಲಭ. ಜಿಮ್‌ನ ಸ್ಟ್ಯಾಂಡ್‌ನಲ್ಲಿ ಅದಕ್ಕೆ ತಕ್ಕ ಪ್ಲೇಟ್ ಇರುವುದಿಲ್ಲ. ಎಷ್ಟೋ ಕಡೆ ಅತಿ ಸಣ್ಣದೆಂದರೆ 2.5 ಕೆ.ಜಿ.ಯ ಪ್ಲೇಟ್. ಎರಡೂ ಬದಿಗೆ ಒಂದೊಂದು ಹಾಕಿದರೆ 5 ಕೆ.ಜಿ. ಏರುತ್ತದೆ. 60 ಕೆ.ಜಿ. ಸ್ಕ್ವಾಟ್ ಮಾಡುವವರಿಗೆ ಇದು ಶೇ 8ರ ಹೆಚ್ಚಳ, ನಡೆಯುತ್ತದೆ, 20 ಕೆ.ಜಿ. ಓವರ್‌ಹೆಡ್ ಪ್ರೆಸ್ ಮಾಡುವ ಮಹಿಳೆಗೆ ಶೇ 25ರ ಹೆಚ್ಚಳ, ನಡೆಯುವುದಿಲ್ಲ. ಮಹಿಳೆಯರು ಎರಡನೆಯ ತಿಂಗಳಿಗೇ ಪ್ರೆಸ್‌ನಲ್ಲಿ ನಿಂತುಬಿಟ್ಟಾಗ ಅವರ ಶಕ್ತಿಯನ್ನು ದೂರುವ ಮುನ್ನ ಸ್ಟ್ಯಾಂಡ್‌ನಲ್ಲಿ ಯಾವ ಪ್ಲೇಟ್ ಇದೆಯೆಂದು ನೋಡುವುದು ನ್ಯಾಯ. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಕನಿಷ್ಠ ಹೆಚ್ಚಳ 1 ಕೆ.ಜಿ., ಅದಕ್ಕೆಂದೇ ಅರ್ಧ ಕೆ.ಜಿ.ಯ ಪ್ಲೇಟ್‌ಗಳಿವೆ. ಜಗತ್ತಿನ ಅತ್ಯಂತ ಬಲಿಷ್ಠರಿಗೆ ಒಂದೊಂದೇ ಕೆ.ಜಿ. ಏರಿಸುವ ಅವಕಾಶವಿರುವಾಗ ಹೊಸಬರು ಐದೈದು ಕೆ.ಜಿ. ನೆಗೆಯಬೇಕಾಗಿರುವುದು ತಮಾಷೆಯ ಸಂಗತಿ.

ಆದ್ದರಿಂದ 1.25 ಕೆ.ಜಿ. ಮತ್ತು ಅರ್ಧ ಕೆ.ಜಿ. ಪ್ಲೇಟ್‌ಗಳ ಒಂದೊಂದು ಜೊತೆಯನ್ನು ಸ್ವಂತಕ್ಕೆ ಕೊಂಡು ಬ್ಯಾಗ್‌ನಲ್ಲಿ ಇಟ್ಟುಕೊಳ್ಳುವುದು ಉತ್ತಮ. ಪ್ರೋಟೀನ್ ಪುಡಿಯ ಡಬ್ಬಿಗಿಂತ ಮೊದಲು ಹಣ ಹಾಕಬೇಕಾದುದು ಇದಕ್ಕೆ. ಕೊಳ್ಳುವಾಗ ಜಿಮ್‌ನ ಬಾರ್‌ನ ತುದಿಯ ದಪ್ಪಕ್ಕೆ ಪ್ಲೇಟ್‌ನ ರಂಧ್ರ ಹೊಂದುತ್ತದೆಯೇ ಎಂದು ಅಳೆದು ನೋಡಬೇಕು, ಏಕೆಂದರೆ 50 ಮಿ.ಮೀ. ಬಾರ್‌ಗಳೂ ಸಣ್ಣ ಬಾರ್‌ಗಳೂ ಒಂದೇ ಜಿಮ್‌ನಲ್ಲಿರುತ್ತವೆ. ಪ್ಲೇಟ್ ಸಿಗದಿದ್ದರೆ ಕಾಲಿಗೆ ಕಟ್ಟುವ ಅರ್ಧ ಕೆ.ಜಿ.ಯ ತೂಕದ ಪಟ್ಟಿಗಳನ್ನು ಬಾರ್‌ನ ಎರಡೂ ತುದಿಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಕ್ಲಿಪ್ ಹಾಕಬಹುದು.

ಡಂಬೆಲ್‌ಗಳ ಕಥೆ ಇನ್ನೂ ಕಷ್ಟ. ಅವು ಸಾಮಾನ್ಯವಾಗಿ 2.5 ಕೆ.ಜಿ. ಅಂತರದಲ್ಲಿ ಇರುವುದರಿಂದ 7.5ರಿಂದ 10ಕ್ಕೆ ಹೋಗುವುದೆಂದರೆ ಮೂರನೆಯ ಒಂದು ಭಾಗದಷ್ಟು ಹೆಚ್ಚಳ. ಮೇಲಿನ ಸೂತ್ರವನ್ನೇ ಹಚ್ಚಿದರೆ, 7.5 ಕೆ.ಜಿ.ಯನ್ನು 12 ಬಾರಿ ಎತ್ತುವವರು 10 ಕೆ.ಜಿ.ಯನ್ನು ಎರಡು ಬಾರಿಯೂ ಸರಿಯಾಗಿ ಎತ್ತಲಾರರು. 20 ಬಾರಿ ಎತ್ತಬಲ್ಲವರಿಗೆ 10 ಕೆ.ಜಿ.ಯಲ್ಲಿ ಏಳರಷ್ಟು ದಕ್ಕೀತು. ಇಷ್ಟು ಹೆಚ್ಚಿನ ರೆಪ್‌ಗಳಲ್ಲಿ ಸೂತ್ರ ಅಷ್ಟು ನಿಖರವಲ್ಲವಾದರೂ ದಿಕ್ಕು ಸ್ಪಷ್ಟವಿದೆ: ಡಂಬೆಲ್ ವ್ಯಾಯಾಮಗಳಲ್ಲಿ ಮೇಲಿನ ಮಿತಿಯನ್ನು 12ರ ಬದಲು 20ಕ್ಕೆ ಇಟ್ಟುಕೊಳ್ಳಬೇಕು.

ಆರನೆಯ ಹಂತ: ಯಾವ ರೆಪ್ ಲೆಕ್ಕಕ್ಕೆ ಬರುತ್ತದೆ

ಸ್ಕ್ವಾಟ್‌ನಲ್ಲಿ ತೊಡೆ ನೆಲಕ್ಕೆ ಸಮಾನಾಂತರವಾಗುವಷ್ಟು ಇಳಿಯದ ರೆಪ್, ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಗೆ ತಾಗದ ರೆಪ್, ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಬಿಲ್ಲಿನಂತೆ ಬಾಗಿದ ರೆಪ್, ಇವುಗಳನ್ನು ಎಣಿಸಬಾರದು. ಬೆನ್ನ ಹಿಂದೆ ನಿಂತ ಗೆಳೆಯ ಎರಡೂ ಕೈಯಿಂದ ಬಾರ್ ಎಳೆಯುತ್ತ «ನಾನು ಮುಟ್ಟೇ ಇಲ್ಲ, ನೀನೇ ಎತ್ತಿದ್ದು» ಎಂದು ಹುರಿದುಂಬಿಸಿದ ರೆಪ್ ಅವನ ಬೆನ್ನಿಗೆ ವ್ಯಾಯಾಮ, ಎದೆಗಲ್ಲ. ವಾರಕ್ಕೊಮ್ಮೆ ಮೊಬೈಲ್ ಅನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇಟ್ಟು ಕೊನೆಯ ಸೆಟ್ ಚಿತ್ರೀಕರಿಸಿಕೊಂಡರೆ ಕನ್ನಡಿ ತೋರಿಸದ್ದು ಕಾಣುತ್ತದೆ.

ಪ್ರತಿ ಸೆಟ್ ಅನ್ನು ಇನ್ನೊಂದೆರಡು ರೆಪ್ ಬಾಕಿಯಿರುವಾಗಲೇ ನಿಲ್ಲಿಸಬೇಕು. ಇದನ್ನು ತಿಳಿಯುವ ಬಗೆ ಹೀಗೆ: ಮೊದಲ ರೆಪ್‌ಗಳಲ್ಲಿ ಬಾರ್ ಒಂದೇ ವೇಗದಲ್ಲಿ ಮೇಲೇರುತ್ತದೆ, ಒಂದು ಹಂತದಲ್ಲಿ ನೀವು ಅಷ್ಟೇ ಜೋರಾಗಿ ತಳ್ಳುತ್ತಿದ್ದರೂ ಬಾರ್ ಮಧ್ಯದಲ್ಲಿ ತುಸು ತಡೆದು ನಿಧಾನವಾಗುತ್ತದೆ. ಆ ನಿಧಾನ ಕಾಣಿಸಿಕೊಂಡ ಮೇಲೆ ಸಾಮಾನ್ಯವಾಗಿ ಉಳಿದಿರುವುದು ಎರಡು ರೆಪ್, ಹೆಚ್ಚೆಂದರೆ ಮೂರು. ಎರಡು ಸೆಟ್‌ಗಳ ನಡುವೆ ಎರಡರಿಂದ ಮೂರು ನಿಮಿಷ ವಿಶ್ರಾಂತಿ ಬೇಕು, ಮತ್ತು ಅದು ಪ್ರತಿ ದಿನವೂ ಒಂದೇ ಇರಬೇಕು. ಇಲ್ಲದಿದ್ದರೆ ಕಳೆದ ವಾರದ 10 ಮತ್ತು ಈ ವಾರದ 11 ಹೋಲಿಕೆಗೆ ಬರುವುದಿಲ್ಲ.

ಏಳನೆಯ ಹಂತ: ತಟ್ಟೆ ಮತ್ತು ಹಾಸಿಗೆ

ನಿದ್ದೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ: ಏಳೆಂಟು ಗಂಟೆ ಬೇಕು, ಅದಕ್ಕೆ ಪರ್ಯಾಯವಿಲ್ಲ. ಪ್ರೋಟೀನ್ ಬಗ್ಗೆ ಹೇಳುವುದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಪ್ರಕಟಿಸಿದ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂ ತನಕ ಪ್ರಯೋಜನವಿದೆಯೆಂದು ಸಂಶೋಧನೆಗಳ ಒಟ್ಟು ವಿಶ್ಲೇಷಣೆ ತೋರಿಸಿದೆ. 60 ಕೆ.ಜಿ. ತೂಗುವವರಿಗೆ ಅದು 96 ಗ್ರಾಂ. ನಮ್ಮ ಮನೆಯೂಟದಲ್ಲಿ ಮುದ್ದೆ, ಅನ್ನಗಳ ಪಾಲೇ ದೊಡ್ಡದು, ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಹಾಗಾಗಿ ಲೆಕ್ಕ ಹಾಕದೆ ಈ ಅಂಕಿ ತಲುಪುವುದು ಕಷ್ಟ. ನಾಲ್ಕು ಮೊಟ್ಟೆಯಿಂದ ಸುಮಾರು 24 ಗ್ರಾಂ, ಅರ್ಧ ಲೀಟರ್ ಹಾಲು ಅಥವಾ ಮೊಸರಿನಿಂದ 16, ಬೇಯಿಸುವ ಮೊದಲು ತೂಗಿದ 100 ಗ್ರಾಂ ಹುರುಳಿ ಅಥವಾ ತೊಗರಿಯಿಂದ 22, 50 ಗ್ರಾಂ ಕಡಲೆಕಾಯಿ ಬೀಜದಿಂದ 12, 50 ಗ್ರಾಂ ಒಣ ಸೋಯಾ ಚಂಕ್ಸ್‌ನಿಂದ 26. ಮೊಟ್ಟೆ ತಿನ್ನದವರು ಪನೀರ್ ಸೇರಿಸಿಕೊಳ್ಳಬಹುದು, 100 ಗ್ರಾಂಗೆ 18ರಷ್ಟು ಸಿಗುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರ ಅನುಮತಿಯಿಲ್ಲದೆ ಪ್ರೋಟೀನ್ ಏರಿಸಬಾರದು.

ಪೂರಕಗಳ ಪೈಕಿ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮಾನೋಹೈಡ್ರೇಟ್‌ಗೆ ಗಟ್ಟಿ ಆಧಾರವಿದೆ, ಅದೂ ಕಡ್ಡಾಯವಲ್ಲ. ಜಿಮ್‌ನಲ್ಲಿ ಯಾರಾದರೂ ಹೆಸರಿಲ್ಲದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ಕೊಡಲು ಬಂದರೆ, ಅಂಥವರಿರುವ ಜಿಮ್ ಅನ್ನೇ ಬದಲಿಸುವುದು ಲೇಸು.

ಎಂಟನೆಯ ಹಂತ: ನಿಂತುಹೋದಾಗ

ಒಂದು ವ್ಯಾಯಾಮದಲ್ಲಿ ಸತತ ಮೂರು ಬಾರಿ ಒಂದು ರೆಪ್ಪೂ ಹೆಚ್ಚದಿದ್ದರೆ ಅದನ್ನು ನಿಲುಗಡೆ ಎನ್ನಬಹುದು. ಆಗ ಮೊದಲು ಪುಸ್ತಕದ ಇತರ ಪುಟಗಳನ್ನು ನೋಡಬೇಕು. ಎಲ್ಲ ವ್ಯಾಯಾಮಗಳೂ ಒಟ್ಟಿಗೆ ನಿಂತಿದ್ದರೆ ತಪ್ಪಿರುವುದು ನಿದ್ದೆ, ಊಟ ಅಥವಾ ಜಿಮ್‌ನ ಹೊರಗಿನ ಒತ್ತಡದಲ್ಲಿ. ಪರೀಕ್ಷೆ, ರಾತ್ರಿ ಪಾಳಿ, ಮನೆಯಲ್ಲಿ ಚಿಕ್ಕ ಮಗು, ಹೀಗೆ ಕಾರಣ ಸಾಮಾನ್ಯವಾಗಿ ಕಣ್ಣೆದುರೇ ಇರುತ್ತದೆ. ಆಗ ಒಂದು ವಾರ ಭಾರವನ್ನು ಹಾಗೆಯೇ ಇಟ್ಟು ಸೆಟ್‌ಗಳನ್ನು ಅರ್ಧಕ್ಕಿಳಿಸಿ ಮುಂದುವರಿಯಬೇಕು. ಒಂದೇ ವ್ಯಾಯಾಮ ನಿಂತಿದ್ದರೆ ಅದರ ಭಾರವನ್ನು ಶೇ 10ರಷ್ಟು ಇಳಿಸಿ, ಹಳೆಯ ಭಾರಕ್ಕೆ ಎರಡು ಮೂರು ವಾರಗಳಲ್ಲಿ ಮತ್ತೆ ಹತ್ತಬೇಕು. ಅದೇ ಜಾಗದಲ್ಲಿ ಎರಡನೆಯ ಬಾರಿಯೂ ತಡೆ ಬಂದರೆ ಒಂದು ಸೆಟ್ ಹೆಚ್ಚಿಸಿಯೋ, 8ರಿಂದ 12ರ ಮಿತಿಯನ್ನು 5ರಿಂದ 8ಕ್ಕೆ ಬದಲಿಸಿಯೋ ನೋಡಬಹುದು. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ. ವಾರಕ್ಕೊಮ್ಮೆ ಏರುತ್ತಿದ್ದ ಭಾರ ಒಂದು ವರ್ಷದ ಬಳಿಕ ತಿಂಗಳಿಗೊಮ್ಮೆ ಏರತೊಡಗುವುದು ನಿಲುಗಡೆಯಲ್ಲ, ಅದು ಆ ಹಂತದ ಸಹಜ ವೇಗ.

ನೋವಿನ ವಿಚಾರ ಬೇರೆ. ಸ್ನಾಯುವಿನ ನಡುವೆ ಎರಡೂ ಬದಿ ಸಮನಾಗಿ ಹರಡಿದ ಜಡ ನೋವು ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ, ಒಂದೇ ಬದಿಯ, ಕೈಕಾಲಿಗೆ ಜೋಮು ಇಳಿಸುವ ನೋವು ಬಂದರೆ ಆ ವ್ಯಾಯಾಮವನ್ನು ಅಂದೇ ನಿಲ್ಲಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಬೇಕು. ಎದೆನೋವು, ತಲೆಸುತ್ತು ಬಂದರೆ ಕಾಯುವ ಪ್ರಶ್ನೆಯೇ ಇಲ್ಲ.

ಒಂಬತ್ತನೆಯ ಹಂತ: ಬಿಡುವಿನ ನಂತರ

ಮದುವೆ, ಊರ ಹಬ್ಬ, ಕಚೇರಿಯ ಪ್ರವಾಸ ಎಂದು ಒಂದು ವಾರ ತಪ್ಪಿದರೆ ಏನೂ ಕಳೆದುಹೋಗುವುದಿಲ್ಲ, ಬಿಟ್ಟ ಭಾರದಿಂದಲೇ ಮುಂದುವರಿಯಬಹುದು. ಎರಡು ಮೂರು ವಾರ ತಪ್ಪಿದ್ದರೆ ಹಳೆಯ ಭಾರದ ಶೇ 90ರಿಂದ, ತಿಂಗಳು ಮೀರಿದ್ದರೆ ಶೇ 70ರಿಂದ ತೊಡಗಬೇಕು. ಹಿಂದೊಮ್ಮೆ ಗಳಿಸಿದ ಬಲ ಎರಡನೆಯ ಬಾರಿ ಬೇಗ ಮರಳುವುದರಿಂದ ಪ್ರತಿ ಬಾರಿಯೂ ಶೇ 5ರಷ್ಟು ಏರಿಸುತ್ತ ಹೋಗಬಹುದು. ಜ್ವರ ಬಂದು ಹೋದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಡೆಂಗಿ, ಟೈಫಾಯ್ಡ್‌ನಂಥ ಕಾಯಿಲೆಯ ಬಳಿಕ ವೈದ್ಯರು ಒಪ್ಪಿದ ಮೇಲಷ್ಟೇ, ಹಳೆಯ ಭಾರದ ಅರ್ಧದಿಂದ, ಮೂರರ ಬದಲು ಎರಡೇ ಸೆಟ್‌ಗಳಿಂದ ಆರಂಭಿಸಿ, ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದು ಓಡಾಡಲು ಆಗುತ್ತಿದೆಯೇ ಎಂದು ನೋಡಿಕೊಂಡು ಮುಂದಿನ ದಿನದ ಭಾರ ನಿರ್ಧರಿಸಬೇಕು. ಹಳೆಯ ಅಂಕಿ ಮುಟ್ಟಿದ ದಿನದಿಂದ ಮತ್ತೆ ಮೊದಲು ರೆಪ್, ಆಮೇಲೆ ಭಾರ ಎಂಬ ಕ್ರಮಕ್ಕೆ ಮರಳಬೇಕು.